ಡಿಜಿಟಲ್ ಸೌಲಭ್ಯದಿಂದ ನಗರದ ಇಂಗಾಲ ತಗ್ಗುತ್ತದೆಯೇ?

ಪ್ರಶ್ನೆ: ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಮನೆಯಲ್ಲೇ ಕೂತು ಕೆಲಸ ಮಾಡುತ್ತೇನೆ. ಇದರಿಂದ ಇಂಗಾಲದ ಹೊಗೆ ಕಡಿಮೆಯಾಗುತ್ತದೆಯೇ?

ಉತ್ತರ: ನೀವು ಯಾವ ಪ್ರಯಾಣವನ್ನು ಬಿಟ್ಟಿರಿ ಎಂಬುದರ ಮೇಲೆ ಅದು ನಿಂತಿದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಠಾಣೆಯಿಂದ ನಿತ್ಯ ಕಾರಿನಲ್ಲಿ ಹೋಗುತ್ತಿದ್ದವರು ಮನೆಯಲ್ಲೇ ಉಳಿದರೆ ಲಾಭ ದೊಡ್ಡದು. ಕಲ್ಯಾಣದಿಂದ ಲೋಕಲ್ ರೈಲು ಹಿಡಿಯುತ್ತಿದ್ದವರದು ಚಿಕ್ಕದು. ವಿದ್ಯುತ್ ರೈಲು ನೀವಿಲ್ಲದಿದ್ದರೂ ಓಡುತ್ತದೆ, ಸಾವಿರಾರು ಜನರನ್ನು ಒಟ್ಟಿಗೆ ಒಯ್ಯುತ್ತದೆ.

ಮನೆಯಿಂದ ಮಾಡುವ ಆನ್‌ಲೈನ್ ಕೆಲಸಕ್ಕೆ ಡೇಟಾ ಸೆಂಟರ್‌ಗಳೂ ಬೇಕು; ಆ ಇನ್ನೊಂದು ಲೆಕ್ಕ ನವಿ ಮುಂಬೈಯಲ್ಲಿದೆ. ಐರೋಲಿ, ಮಹಾಪೆ, ರಬಾಳೆಗಳ ಡೇಟಾ ಸೆಂಟರ್‌ಗಳು ಹಗಲಿರುಳೂ ವಿದ್ಯುತ್ ಬಳಸುತ್ತವೆ. ಸರ್ವರ್‌ಗಳಿಗಷ್ಟೇ ಅಲ್ಲ, ಅವುಗಳ ಬಿಸಿ ಇಳಿಸಲೂ ವಿದ್ಯುತ್ ಬೇಕು. ಒಂದು ಮೆಗಾವಾಟ್ ವಿದ್ಯುತ್ ವರ್ಷವಿಡೀ ಬಳಸಿದರೆ 87.6 ಲಕ್ಷ ಯೂನಿಟ್. ನಮ್ಮ ದೇಶದ ಗ್ರಿಡ್‌ನಲ್ಲಿ ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಎಂದರೂ ಆರು ಸಾವಿರ ಟನ್ ದಾಟುತ್ತದೆ. ಕಾರಿನ ಹೊಗೆ ರಸ್ತೆಯಲ್ಲೇ ಕಾಣುತ್ತದೆ. ಡೇಟಾ ಸೆಂಟರ್‌ನ ಹೊಗೆ ದೂರದ ಕಲ್ಲಿದ್ದಲು ಸ್ಥಾವರದ ಚಿಮಣಿಯಲ್ಲಿ ಏಳುತ್ತದೆ.

ಆದ್ದರಿಂದ ಡಿಜಿಟಲ್ ಆದ ಮಾತ್ರಕ್ಕೆ ನಗರ ಹಸಿರಾಗದು. ಆ ಯಂತ್ರಗಳಿಗೆ ಬಿಸಿಲು, ಗಾಳಿಯ ವಿದ್ಯುತ್ ಸಿಗಬೇಕು. ನಾವು ಕಾರು ಬಿಟ್ಟು ಲೋಕಲ್ ಹತ್ತಬೇಕು. ಎರಡೂ ಕೂಡಿದರೆ ಮಾತ್ರ ಹೊಗೆ ನಿಜಕ್ಕೂ ಇಳಿಯುತ್ತದೆ.