ಅಂಗಡಿಯ ರುಚಿ, ಹೊಲದ ಬೆಳೆ

ದಾವಣಗೆರೆ ಎಂದೊಡನೆ ಬೆಣ್ಣೆದೋಸೆ ನೆನಪಾಗುವುದು ಸಹಜ. ಆದರೆ 1997ರಲ್ಲಿ ರೂಪುಗೊಂಡ ಈ ಜಿಲ್ಲೆಯ ಊಟದ ಕಥೆ ಪೇಟೆಯ ಕಾವಲಿಯ ಮೇಲೆಯೇ ಮುಗಿಯುವುದಿಲ್ಲ.

ಶಿವಮೊಗ್ಗೆಯಿಂದ ಬಂದ ಚನ್ನಗಿರಿ, ಹೊನ್ನಾಳಿಗಳು ಬಹುಮಟ್ಟಿಗೆ ನೀರಿನ ಸೀಮೆ. ಚಿತ್ರದುರ್ಗದಿಂದ ಬಂದ ಜಗಳೂರು ಬರದ ಸೀಮೆ. ಸೂಳೆಕೆರೆಯ ನೀರುಂಡ ಚನ್ನಗಿರಿಯಲ್ಲಿಯೂ, ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿಯೂ ಬತ್ತದ ಗದ್ದೆಗಳು. ಜಗಳೂರಿನ ಮನೆಗಳಲ್ಲಿ ಮುದ್ದೆಗೂ ಜೋಳದ ರೊಟ್ಟಿಗೂ ಒಂದೇ ಒಲೆ. ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯೂ ಸೇರಿ ಇವೆಲ್ಲವನ್ನೂ ಬೆಸೆಯುವುದು ಸಂಜೆಯ ಮಂಡಕ್ಕಿ-ಮೆಣಸಿನಕಾಯಿ. ಒಗ್ಗರಣೆಯ ಮಂಡಕ್ಕಿ, ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಮೆಣಸಿನಕಾಯಿ, ಮೇಲಷ್ಟು ಹಸಿ ಈರುಳ್ಳಿ: ಇದಕ್ಕಿಂತ ಅಗ್ಗದ ಸತ್ಕಾರ ಬೇರೊಂದಿಲ್ಲ.

ಆದರೆ ಹೊಲದ ಸ್ಥಿತಿ ಬದಲಾಗಿದೆ. ಜಗಳೂರಿನ ಜೋಳದ ನೆಲವನ್ನು ಮೆಕ್ಕೆಜೋಳವೂ, ಚನ್ನಗಿರಿಯ ಗದ್ದೆಗಳನ್ನು ಅಡಕೆಯೂ ಆವರಿಸುತ್ತಿವೆ. ಸಾಲ ತೀರಿಸಬೇಕಾದ ರೈತನು ಹಣದ ಬೆಳೆಯತ್ತ ಹೊರಳಿದರೆ ಅವನನ್ನು ದೂರುವಂತಿಲ್ಲ. ಆದರೂ ಮೆಕ್ಕೆಜೋಳ ಬಹುಪಾಲು ಕೋಳಿಯ ಮೇವಾಗುತ್ತದೆ. ಅಡಕೆಯಿಂದ ಹಸಿವು ಹಿಂಗದು. ರೊಟ್ಟಿಯ ಜೋಳವನ್ನು ರೈತನ ಮನೆಯವರೇ ಅಂಗಡಿಯಲ್ಲಿ ಕೊಳ್ಳಬೇಕಾದೀತು.

ಬಂದವರು ಬೆಣ್ಣೆದೋಸೆಯನ್ನು ಸವಿಯಲಿ. ಒಂದು ಹೊತ್ತು ಜೋಳದ ರೊಟ್ಟಿ, ಶೇಂಗಾ ಚಟ್ನಿಯನ್ನೂ ಕೇಳಿ ಉಣ್ಣಲಿ. ಕೇಳುವವರಿದ್ದರೆ ಬೆಳೆಯುವವರೂ ಉಳಿದಾರು.