ದೀಪ ಹಿಡಿದ ಸೈಕಿ

ಪ್ರಶ್ನೆ: ಮನಸ್ಸು ಪಕ್ವವಾಗುವ ಬಗೆ ಪುರಾಣಗಳ ಸಂಕೇತಗಳಲ್ಲಿ ಅಡಗಿದೆ ಎನ್ನುತ್ತಾರೆ. ಒಂದು ಉದಾಹರಣೆ ಕೊಡುವಿರಾ?

ಉತ್ತರ: ಕ್ರಿ.ಶ. 2ನೇ ಶತಮಾನದಲ್ಲಿ ಅಪುಲೀಯಸ್ ಲ್ಯಾಟಿನ್‌ನಲ್ಲಿ ಬರೆದ ಸೈಕಿಯ ಕಥೆ ನೋಡಿ. ಕತ್ತಲಲ್ಲಷ್ಟೇ ಬರುವ ಗಂಡನ ಮುಖವನ್ನು ಅವಳು ಒಂದು ರಾತ್ರಿ ದೀಪ ಹಿಡಿದು ನೋಡುತ್ತಾಳೆ. ಅವನು ಸಾಕ್ಷಾತ್ ಪ್ರೇಮದೇವ! ಬಿಸಿ ಎಣ್ಣೆಯ ಹನಿ ಮೈಮೇಲೆ ಬಿದ್ದು ಎಚ್ಚರಗೊಂಡವನು ಹಾರಿಹೋಗುತ್ತಾನೆ. ಮನಶ್ಶಾಸ್ತ್ರಜ್ಞ ಯೂಂಗ್ ಅವರ ಶಿಷ್ಯ ಎರಿಕ್ ನಾಯ್ಮನ್ 1952ರಲ್ಲಿ ಈ ಕಥೆಗೆ ವ್ಯಾಖ್ಯಾನ ಬರೆದು, ಆ ದೀಪದಲ್ಲಿ ಅರಿವಿನ ಹುಟ್ಟನ್ನು ಕಂಡರು. ಕಣ್ಣು ತೆರೆದು ಪ್ರೀತಿಸಲು ಹೊರಟವಳು ಮೊದಲು ಸುಖ ಕಳೆದುಕೊಳ್ಳುತ್ತಾಳೆ.

ಆಮೇಲೆ ಅತ್ತೆ ವೀನಸ್‌ಳ ಪರೀಕ್ಷೆಗಳು. ಗೋಧಿ, ಬಾರ್ಲಿ, ಗಸಗಸೆ, ಕಡಲೆ ಎಲ್ಲ ಬೆರೆತ ರಾಶಿಯನ್ನು ರಾತ್ರಿಯಾಗುವುದರೊಳಗೆ ಬೇರ್ಪಡಿಸಬೇಕು. ಇರುವೆಗಳು ನೆರವಿಗೆ ಬರುತ್ತವೆ. ನನ್ನ ದೃಷ್ಟಿಯಲ್ಲಿ ಕಥೆಯ ಜೀವಾಳ ಇದೇ: ಭಯ, ಸಿಟ್ಟು, ಆಸೆ ಕಲಸಿಹೋದಾಗ ಯಾವುದು ಯಾವುದೆಂದು ಗುರುತಿಸುವ ತಾಳ್ಮೆ. ಚಿನ್ನದ ಉಣ್ಣೆ ತರಲು ಹೋದಾಗ, ಕೆರಳಿದ ಕುರಿಗಳನ್ನು ಎದುರಿಸಬೇಡ, ಬಿಸಿಲಿಳಿದ ಮೇಲೆ ಪೊದೆಗೆ ಸಿಕ್ಕಿದ್ದನ್ನು ಆರಿಸಿಕೋ ಎಂದು ಜೊಂಡುಹುಲ್ಲು ಹೇಳಿಕೊಡುತ್ತದೆ. ಕೊನೆಗೆ, ತೆರೆಯಬಾರದ ಪೆಟ್ಟಿಗೆ ತೆರೆದು ಸೈಕಿ ನಿದ್ದೆಗೆ ಬೀಳುತ್ತಾಳೆ. ಎಬ್ಬಿಸುವವನು ಅದೇ ಗಂಡ. ಅವಳು ಎಲ್ಲೂ ಎಡವದೆ ಗೆದ್ದಿದ್ದರೆ ಈ ಕಥೆಯನ್ನು ನಾನು ಇಷ್ಟು ನಂಬುತ್ತಿರಲಿಲ್ಲ.