ಬೇಟೆಯ ಬಿಲ್ಲು

ಬಿಲ್ಲೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವವನು ಗಾಂಡೀವಧರನಾದ ಅರ್ಜುನ. ಬಿಲ್ಲನ್ನು ಹಿಡಿದವರ ಹೆಸರನ್ನು ಲೋಕವು ನೆನೆಯುತ್ತದೆ; ಮರವನ್ನು ಕೆತ್ತಿ ಅದನ್ನು ಬಿಲ್ಲಾಗಿಸಿದ ಬಡಗಿಯನ್ನು ಯಾರೂ ಕೇಳುವುದಿಲ್ಲ. ನಾವೂ ಕೇಳುತ್ತಿರಲಿಲ್ಲ. ನಮ್ಮ ಶಾಲೆಯ ಕರಕುಶಲ ವರ್ಗದ ಹನ್ನೊಂದು ಮಂದಿ ಉಪಾಧ್ಯಾಯರೊಡನೆ ತಿರುವನಂತಪುರಕ್ಕೆ ಪ್ರವಾಸ ಹೋಗಿ, ನಗರದ ಉತ್ತರಕ್ಕಿರುವ ಕಳಕ್ಕೂಟಂನಲ್ಲಿ ಬೀಡು ಬಿಟ್ಟಿದ್ದರಿಂದ ಈ ಪ್ರಶ್ನೆ ನಮ್ಮೆದುರು ಬಂದು ನಿಂತಿತು. ಕಾರವಾರ, ಉಡುಪಿ, ಮಂಗಳೂರು, ಕಾಸರಗೋಡುಗಳನ್ನು ಹಾದು ಕನ್ಯಾಕುಮಾರಿಗೆ ಸಾಗುವ ಹೆದ್ದಾರಿಯೇ ಈ ಊರನ್ನೂ ಸೀಳಿಕೊಂಡು ಹೋಗುತ್ತದೆ. 1990ರಲ್ಲಿ ಆರಂಭವಾದ ಟೆಕ್ನೋಪಾರ್ಕಿನ ಎತ್ತರದ ಕಟ್ಟಡಗಳ ಮಗ್ಗುಲಲ್ಲೇ ತೆಂಗಿನ ತೋಟಗಳೂ ಹೆಂಚಿನ ಮನೆಗಳೂ ಇವೆ.

ಅದು ಶ್ರೀ ಪದ್ಮನಾಭಸ್ವಾಮಿ ದೇವಾಲಯದ ಪೈಂಗುನಿ ಉತ್ಸವದ ಕಾಲ. ಆರಾಟಿನ ಹಿಂದಿನ ರಾತ್ರಿ ಅಲ್ಲಿ 'ಪಳ್ಳಿವೇಟ್ಟ' ಎಂಬ ದೇವರ ಬೇಟೆ ನಡೆಯುತ್ತದೆ. ವಾದ್ಯಗಳ ಸದ್ದಿಲ್ಲದೆ ಮೆರವಣಿಗೆ ಹೊರಡುತ್ತದೆ. ತಿರುವಾಂಕೂರು ರಾಜಮನೆತನದ ಹಿರಿಯರು ಬಿಲ್ಲೆತ್ತಿ ಒಂದು ಎಳನೀರಿಗೆ ಬಾಣ ಬಿಡುತ್ತಾರೆ. ಅಷ್ಟು ಜನಸಂದಣಿಯ ನಡುವೆ ಹೆದೆಯ ಸದ್ದೊಂದನ್ನು ಕೇಳಿದ ನಮಗೆ ಇಂಥ ಬಿಲ್ಲನ್ನು ಮಾಡಬಲ್ಲವರು ಈಗಲೂ ಇರುವರೇ ಎಂಬ ಕುತೂಹಲವುಂಟಾಯಿತು. ಅದೇ ನಗರದಲ್ಲಿ ತಿರುವೋಣದ ದಿನ ದೇವರಿಗೆ ಅರ್ಪಿಸುವ 'ಓಣವಿಲ್ಲು' ಪ್ರಸಿದ್ಧವಾದುದೇ ಸರಿ. ಆದರೆ ಅದು ಅನಂತಶಯನ, ದಶಾವತಾರ ಮೊದಲಾದ ಚಿತ್ರಗಳನ್ನು ಬರೆದ ಬಿಲ್ಲಿನಾಕಾರದ ಹಲಗೆ. ಬಾಗುವುದೂ ಇಲ್ಲ, ಬಾಣ ಬಿಡುವುದೂ ಇಲ್ಲ.

ನಮ್ಮ ಬೀಡಿನ ಹಿತ್ತಲಿಗೆ ಹೊಂದಿಕೊಂಡಂತೆ ವೃದ್ಧ ಆಶಾರಿಯೊಬ್ಬರ ಮನೆಯಿತ್ತು. ಆಶಾರಿಯೆಂದರೆ ಬಡಗಿ. ಅಲ್ಲಿನ ಮಕ್ಕಳು ಅಜ್ಜನನ್ನು ಅಪ್ಪೂಪ್ಪನ್ ಎಂದು ಕರೆಯುವುದರಿಂದ ನಾವೂ ಹಾಗೆಯೇ ಕರೆದೆವು. ಅವರು ನಮ್ಮನ್ನು 'ಮಕ್ಕಳೇ' ಎಂದರು. ಈ ಮಾತಿಗೆ ದ್ವಿಭಾಷಿಯ ಅಗತ್ಯವೇ ಬೀಳಲಿಲ್ಲ. ನಮ್ಮ ಬಿಲ್ಲು ಅವರಿಗೆ ವಿಲ್ಲ್, ನಮ್ಮ ಅಂಬು ಅವರಿಗೆ ಅಂಬ್. ಹೆದೆಗೆ ಅವರು 'ಞಾಣ್' ಎಂದಾಗ ಮಾತ್ರ ತಬ್ಬಿಬ್ಬಾದೆವು. ನಮ್ಮ 'ನೇಣು' ಶಬ್ದವು ಅದರ ದಾಯಾದಿಯೆಂದು ಉಪಾಧ್ಯಾಯರು ತಿಳಿಸಿದರು.

ಅಪ್ಪೂಪ್ಪನ ತಂದೆ ಬೇಟೆಗಾರರಿಗೆ ಬಿಲ್ಲು ಮಾಡಿಕೊಡುತ್ತಿದ್ದರಂತೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಕೇಳುವವರಿಲ್ಲವಾಗಿ ಆ ಕೆಲಸ ನಿಂತುಹೋಯಿತು. ಕಾಯಿದೆಯಲ್ಲಿ ತಪ್ಪಿಲ್ಲವೆಂದು ಅವರೇ ಹೇಳಿದರು. ಆದರೂ ಕೈ ಸುಮ್ಮನಿರಲಿಲ್ಲವೆಂದು ತೋರುತ್ತದೆ. ಗಾಳಿಗೆ ಬಿದ್ದ ಚಡಚ್ಚಿ ಮರದ ಕೊಂಬೊಂದನ್ನು ಬೆಣೆಯಿಟ್ಟು ಎರಡು ಹೋಳಾಗಿ ಸೀಳಿ, ತುದಿಗಳಿಗೆ ಮೇಣ ಬಳಿದು, ಎರಡು ವರ್ಷ ಅಟ್ಟದ ನೆರಳಿನಲ್ಲಿ ಒಣಗಿಸಿಟ್ಟಿದ್ದರು. ಚಡಚ್ಚಿಯೆಂದರೆ ನಮ್ಮ ಮಲೆನಾಡಿನ ತಡಸಲು ಮರ. ಇದರ ನಾರು ಉದ್ದ; ಬಾಗಿಸಿದರೆ ಸುಲಭವಾಗಿ ಮುರಿಯದು. ಸಂಸ್ಕೃತದಲ್ಲಿ ಇದಕ್ಕೆ ಧನ್ವನವೆಂಬ ಹೆಸರಿರುವುದನ್ನು ಗಮನಿಸಬೇಕು. ಆ ಎರಡು ಹೋಳುಗಳಲ್ಲಿ ಒಂದನ್ನು ಅವರು ನಮಗೆ ಕೊಟ್ಟರು.

ಗರಗಸದಿಂದ ಕೊಯ್ಯದೆ ಸೀಳುವುದೇಕೆಂದರೆ, ಸೀಳು ನಾರಿನ ಜಾಡನ್ನೇ ಹಿಡಿದು ಹೋಗುತ್ತದೆ. ಗರಗಸವು ನಾರನ್ನು ಕಡಿದುಹಾಕುತ್ತದೆ. ಬಿಲ್ಲನ್ನು ಸೆಳೆದಾಗ ಗುರಿಯ ಕಡೆಗಿರುವ ಮೈ ಹಿಗ್ಗುತ್ತದೆ, ನಮ್ಮ ಕಡೆಗಿರುವ ಮೈ ಕುಗ್ಗುತ್ತದೆ. ಹಿಗ್ಗುವ ಮೈಯಲ್ಲಿ ನಾರುಗಳು ತುದಿಯಿಂದ ತುದಿಗೆ ಅಖಂಡವಾಗಿರಬೇಕು. ಆದುದರಿಂದ ತೊಗಟೆಯನ್ನು ಸುಲಿದಾಗ ಕಾಣುವ ಮರದ ಮೇಲ್ಪದರವನ್ನೇ ಬಿಲ್ಲಿನ ಬೆನ್ನಾಗಿಸಿ, ಅದಕ್ಕೆ ಉಳಿಯನ್ನಾಗಲಿ ಅರವನ್ನಾಗಲಿ ಸೋಕಿಸಬಾರದು. ತೆಗೆಯುವ ಮರವನ್ನೆಲ್ಲ ಹೊಟ್ಟೆಯ ಕಡೆಯಿಂದಲೇ ತೆಗೆಯಬೇಕು. ಇದನ್ನು ಅಪ್ಪೂಪ್ಪನು ಮೊದಲ ದಿನವೇ ಹೇಳಿದ್ದರು.

ಐದೂವರೆ ಅಡಿ ಉದ್ದ. ನಡುವೆ ನಾಲ್ಕು ಅಂಗುಲ ಹಿಡಿಕೆ. ಹಿಡಿಕೆಯ ಎರಡು ಕಡೆಗಳಲ್ಲಿ ಒಂದೂವರೆ ಅಂಗುಲ ಅಗಲವಾಗಿ ಹೊರಟು ತುದಿಗೆ ಬರುವಷ್ಟರಲ್ಲಿ ಅರ್ಧ ಅಂಗುಲಕ್ಕೆ ಇಳಿಯುವ ತೋಳುಗಳು: ಹೀಗೆ ಗೆರೆ ಹಾಕಿಕೊಂಡೆವು. ಬಾಚಿಯಿಂದ ಕೆತ್ತಿ, ಅನಂತರ ಕೀಸುಳಿಯಾಡಿಸಿ, ಎರಡನೆಯ ದಿನದ ಸಂಜೆಯ ಹೊತ್ತಿಗೆ ಬಿಲ್ಲಿನ ರೂಪ ತಂದೆವು. ಬೆನ್ನಿನ ಮೇಲೆ ಗಂಟೊಂದು ಉಬ್ಬಿಕೊಂಡಿದ್ದುದು ಮಾತ್ರ ನಮ್ಮ ಕಣ್ಣಿಗೆ ಚೆನ್ನಾಗಿ ಕಾಣಲಿಲ್ಲ. ಅಪ್ಪೂಪ್ಪನು ಊಟಕ್ಕೆ ಹೋಗಿದ್ದಾಗ ಅದನ್ನು ಉಜ್ಜಿ ನುಣುಪಾಗಿಸಿದೆವು. ಮಾರನೆಯ ದಿನ ಬೆಳಗ್ಗೆ ಹೆದೆಯನ್ನು ಹದಿನೈದು ಅಂಗುಲ ಸೆಳೆಯುವಷ್ಟರಲ್ಲಿ ಬಿಲ್ಲು ಅದೇ ಗಂಟಿನ ಬಳಿ ಸಿಡಿದು ಎರಡು ತುಂಡಾಯಿತು. ಚೂರೊಂದು ನಮ್ಮಲ್ಲೊಬ್ಬನ ಕಿವಿಯ ಪಕ್ಕದಲ್ಲೇ ಹಾದುಹೋಯಿತು. ವೃದ್ಧರು ಮುರಿದ ತುಂಡನ್ನೆತ್ತಿ ಉಜ್ಜಿದ ಜಾಗದ ಮೇಲೆ ಬೆರಳಾಡಿಸಿದರು. ಏನನ್ನೂ ಹೇಳಲಿಲ್ಲ. ಎರಡು ವರ್ಷ ಕಾದು ಒಣಗಿಸಿದ ಮರವನ್ನು ನಾವು ಅರ್ಧ ಗಳಿಗೆಯಲ್ಲಿ ಹಾಳುಮಾಡಿದ್ದೆವು. ಮಧ್ಯಾಹ್ನ ಅವರು ಅಟ್ಟ ಹತ್ತಿ ಎರಡನೆಯ ಹೋಳನ್ನು ತಂದಾಗ ಅದಕ್ಕೆ ಕೈಯೊಡ್ಡಲು ನಮಗಾರಿಗೂ ಧೈರ್ಯವಾಗಲಿಲ್ಲ.

ಈ ಸಲ ನಾವು ಮುಖ್ಯವಾಗಿ ಕಲಿತದ್ದು ಹದಗೊಳಿಸುವುದನ್ನು. ಇದೇ ಬಿಲ್ಲುಗಾರಿಕೆಯ ಜೀವ. ಕಂಬವೊಂದರ ಕವಲಿನಲ್ಲಿ ಹಿಡಿಕೆಯನ್ನು ಕೂರಿಸಿ, ಸಡಿಲವಾದ ಹಗ್ಗ ಕಟ್ಟಿ, ಒಬ್ಬನು ಕೆಳಕ್ಕೆ ಸ್ವಲ್ಪವೇ ಜಗ್ಗಬೇಕು; ಉಳಿದವರು ಹತ್ತು ಹೆಜ್ಜೆ ಹಿಂದೆ ನಿಂತು ಎರಡು ತೋಳುಗಳೂ ಸಮನಾಗಿ ಕಮಾನಾಗುವುವೇ ಎಂದು ನೋಡಬೇಕು. ಎಲ್ಲಿ ಬಾಗುವುದಿಲ್ಲವೋ ಅಲ್ಲಿ ಹೊಟ್ಟೆಯ ಕಡೆಯಿಂದ ಗಾಜಿನ ಚೂರಿನಲ್ಲಿ ಕೆರೆಯಬೇಕು. ಎಲ್ಲಿ ಹೆಚ್ಚು ಬಾಗುವುದೋ ಅಲ್ಲಿ ಮುಟ್ಟಲೇಬಾರದು. ಕೆರೆದಾಗಲೆಲ್ಲ ಇಪ್ಪತ್ತು ಮೂವತ್ತು ಸಲ ಮೆಲ್ಲಗೆ ಜಗ್ಗಿ ಮರಕ್ಕೆ ಬಾಗುವುದನ್ನು ಅಭ್ಯಾಸ ಮಾಡಿಸಿ, ಆ ಮೇಲಷ್ಟೆ ಇನ್ನೊಂದು ಅಂಗುಲ ಮುಂದುವರಿಯಬೇಕು. ಗಾಜಿನ ಚೂರಿಗೆ ಇಷ್ಟು ಮಹತ್ತ್ವವೇಕೆಂಬುದಕ್ಕೆ ಗಣಿತದ ಉತ್ತರವಿದೆ. ಬಿಗಿಯು ದಪ್ಪದ ಘನವನ್ನು ಅನುಸರಿಸುತ್ತದೆ. ಅಗಲವನ್ನು ಹತ್ತರಲ್ಲೊಂದು ಪಾಲು ಇಳಿಸಿದರೆ ಬಿಗಿಯೂ ಶೇಕಡಾ 10ರಷ್ಟೇ ಇಳಿಯುತ್ತದೆ. ದಪ್ಪವನ್ನು ಅಷ್ಟೇ ಇಳಿಸಿದರೆ ಶೇಕಡಾ 27ರಷ್ಟು ಇಳಿದುಹೋಗುತ್ತದೆ. ಕೀಸುಳಿಯ ಎರಡು ಎಳೆತ ಹೆಚ್ಚಾದರೂ ಬೇಟೆಯ ಬಿಲ್ಲು ಆಟಿಕೆಯಾಗಿಬಿಡುವುದು.

ಹೆದೆಗೆ ನಾವು ಅಗಸೆಯ ನೂಲನ್ನು ಬಳಸಿದೆವು. ಹಿಂದಿನವರು ಮೂರ್ವೆಯೆಂಬ ಗಿಡದ ಎಲೆಯ ನಾರನ್ನು ಹೊಸೆಯುತ್ತಿದ್ದರು. ಹೆದೆಗೆ 'ಮೌರ್ವಿ' ಎಂಬ ಹೆಸರು ಬಂದುದು ಅದರಿಂದಲೇ. ಭೀಲರು ಬಿದಿರಿನ ಸೀಳನ್ನೇ ಹೆದೆಯಾಗಿಸುವುದುಂಟು. ಯಾವ ನಾರಾದರೂ ಎರಡು ಎಳೆಗಳನ್ನು ಒಂದು ದಿಕ್ಕಿಗೆ ಹುರಿಮಾಡಿ, ಅವೆರಡನ್ನೂ ಕೂಡಿಸಿ ಎದುರು ದಿಕ್ಕಿಗೆ ಹೊಸೆಯಬೇಕು. ಆಗ ಒಂದರ ಬಿಚ್ಚುವ ಒತ್ತಡವು ಇನ್ನೊಂದನ್ನು ಬಿಗಿಯುತ್ತದೆ. ಕೊಪ್ಪುಗಳಲ್ಲಿ ಹೆದೆ ಕೂರಲು ಓರೆಯಾದ ಗೀರುಗಳನ್ನು ಕೊರೆದರೆ ಕೆಲಸ ಮುಗಿಯಿತು. ಬಾಣವಿಲ್ಲದೆ ಹೆದೆಯನ್ನು ಸೆಳೆದು ಬಿಡಲೇಕೂಡದು. ಬಾಣವು ಒಯ್ಯಬೇಕಾದ ಶಕ್ತಿಯೆಲ್ಲ ಬಿಲ್ಲಿಗೇ ಹಿಂದಿರುಗಿ ಅದನ್ನು ಸೀಳಬಹುದು.

ಇಂಥ ಸರಳ ಆಯುಧವೆಂದು ಅಲಕ್ಷ್ಯ ಮಾಡುವ ಹಾಗಿಲ್ಲ. ಭಾರತದ ಯೋಧರು ಆಳುದ್ದದ ಬಿಲ್ಲನ್ನು ನೆಲಕ್ಕೂರಿ, ಎಡಗಾಲಿನಿಂದ ಒತ್ತಿ ಬಾಣ ಬಿಡುತ್ತಿದ್ದರೆಂದು ಅಲೆಕ್ಸಾಂಡರನ ನೌಕಾಧಿಪತಿಯ ಬರಹವನ್ನು ಆಧರಿಸಿ ಏರಿಯನ್ನನು ಬರೆದಿದ್ದಾನೆ. ನಮ್ಮ ಕೊಡಗಿಗೆ ತಾಗಿಕೊಂಡಿರುವ ವಯನಾಡಿನಲ್ಲಿ ಪಳಶ್ಶಿರಾಜನ ಪಕ್ಷದ ಕುರಿಚ್ಯರು, ತಲಕ್ಕಲ್ ಚಂದುವಿನ ನಾಯಕತ್ವದಲ್ಲಿ, 1802ರ ಅಕ್ಟೋಬರಿನಲ್ಲಿ ಪನಮರಂ ಕೋಟೆಯನ್ನು ಇಂಗ್ಲಿಷರ ಪಡೆಯಿಂದ ಕಿತ್ತುಕೊಂಡದ್ದು ಬಿಲ್ಲುಬಾಣಗಳ ಬಲದಿಂದ.

ನಮ್ಮ ಬಿಲ್ಲು ಊರಿಗೆ ಬರುವಾಗ ಇನ್ನೂ ಪೂರ್ತಿ ಹದಗೊಂಡಿರಲಿಲ್ಲ. ಶಾಲೆಯ ಕರಕುಶಲ ಕೊಠಡಿಯಲ್ಲಿ ಮೂರು ವಾರ ಕೆರೆದೆವು. ಈಗ ಅದು 24 ಅಂಗುಲ ಸೆಳೆತಕ್ಕೆ ತೂಕದ ಕೊಕ್ಕೆಯಲ್ಲಿ 10 ಕಿಲೋಗ್ರಾಂ ತೋರಿಸುತ್ತದೆ. ಹುಲ್ಲಿನ ಕಂತೆಗೆ ಮೊಂಡುತುದಿಯ ಬಾಣವನ್ನು ಬಿಡುವುದಕ್ಕೆ ಅಷ್ಟು ಸಾಕು. ಕೆಳಗಿನ ತೋಳು ಮೇಲಿನದಕ್ಕಿಂತ ತುಸು ಬಿಗಿಯಾಗಿಯೇ ಉಳಿದಿತ್ತು. ಮತ್ತೆ ಕೆರೆಯಲು ಅಂಜಿ ಬಿಲ್ಲಿನ ಚಿತ್ರ ತೆಗೆದು ಕಳಕ್ಕೂಟಂಗೆ ಕಳುಹಿಸಿದೆವು. ಅಪ್ಪೂಪ್ಪನ ಮೊಮ್ಮಗಳು ಉತ್ತರ ಬರೆದಳು: ಕೈಯ ಒತ್ತಡವು ನಡುವಿಗಿಂತ ಕೆಳಗೆ ಬೀಳುವುದರಿಂದ ಕೆಳತೋಳು ಹಾಗೆಯೇ ಇರಬೇಕಂತೆ, ಇನ್ನು ಗಾಜನ್ನು ಕೆಳಗಿಡಿರೆಂದು ಅಜ್ಜ ಹೇಳಿದ್ದಾರೆ.